ಎರಡು ಬೆರಳಿನ ಸಂದು

ಸಮಾಜವನ್ನು ತಿದ್ದಲು ಹೊರಟವನಿಗೆ ಸಮಾಜಕ್ಕಿಂತ ಗಟ್ಟಿಯಾದ ಎದುರಾಳಿ ಇನ್ನಿಲ್ಲವೆಂದು ನಾನು ಬಹುಕಾಲ ನಂಬಿದ್ದೆ. ಈಗ ಆ ಸ್ಥಾನವನ್ನು ರಸ್ತೆಯ ಉಬ್ಬಿಗೆ ಕೊಟ್ಟಿದ್ದೇನೆ. ಸಮಾಜ ಅಪರೂಪಕ್ಕಾದರೂ ವಾದಕ್ಕೆ ಕಿವಿಗೊಡುತ್ತದೆ; ಉಬ್ಬು ಕೊಡುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರ, ವಿರೋಧ ಎರಡೂ ಬದಿಗೆ ನಿಂತು ಬಹುಮಾನ ತಂದವನು ನಾನು. ಆ ಅಭ್ಯಾಸದಿಂದಾಗಿ ಒಂದು ಕೊಡೆಯನ್ನೂ ಅದರ ತತ್ವ ತಿಳಿಯದೆ ಕೊಳ್ಳಲಾರೆ. ಹುಬ್ಬಳ್ಳಿಯ ತರುಣನೊಬ್ಬನಿಂದ ಹಳೆಯ ಕಾರು ಕೊಂಡದ್ದೂ ತತ್ವಕ್ಕಾಗಿಯೇ. ಸಾಮಾನ್ಯ ಕಾರಿನಲ್ಲಿ ಎರಡು ಚಕ್ರಗಳು ದುಡಿಯುತ್ತವೆ, ಉಳಿದೆರಡು ಸುಮ್ಮನೆ ಉರುಳುತ್ತವೆ. ಇದರಲ್ಲಿ ಎಂಜಿನ್ನಿನ ಶಕ್ತಿ ನಾಲ್ಕೂ ಚಕ್ರಗಳಿಗೆ ಹೋಗುತ್ತದೆ. ನಾನು ವೇದಿಕೆಗಳ ಮೇಲೆ ಗಂಟಲು ಹರಿದುಕೊಂಡು ಕೇಳುತ್ತ ಬಂದ ಸಮಾನತೆಯನ್ನು ಯಾರೋ ಎಂಜಿನಿಯರ್ ಸದ್ದಿಲ್ಲದೆ ಮಾಡಿಟ್ಟಿದ್ದ. ಆ ತರುಣ ಶೋಕಿಗಾಗಿ ಸ್ಪ್ರಿಂಗ್ ಕತ್ತರಿಸಿ ಕಾರನ್ನು ಗಿಡ್ಡ ಮಾಡಿದ್ದ. ಅಗಲವಾದ ಗಾಲಿಗಳನ್ನು ಹೊರಚಾಚುವಂತೆ ಕೂರಿಸಿದ್ದ. ಅದರಲ್ಲೂ ನನಗೆ ಕಂಡದ್ದು ವಿನಯವೇ. ನೆಲಕ್ಕೆ ಹತ್ತಿರವಾಗಿ ನಡೆಯುವ ವಾಹನ!

ಆ ವಿನಯದ ಫಲವನ್ನು ಬಹುಬೇಗ ಉಂಡೆವು. ದುಂದುವೆಚ್ಚದ ಮದುವೆಗಳ ವಿರುದ್ಧ ಮಾತನಾಡಲು ಲಕ್ಷ್ಮೇಶ್ವರಕ್ಕೆ ಹೋದಾಗ, ಸಭಾಭವನದ ಮುಂದಿನ ಉಬ್ಬಿನ ಮೇಲೆ ಟೈರು ಮಡ್‌ಗಾರ್ಡಿಗೆ ಉಜ್ಜಿ ಎಬ್ಬಿಸಿದ ಗರ್ಜನೆಗೆ ಒಳಗಿದ್ದವರೆಲ್ಲ ಎದ್ದು ಹೊರಬಂದರು. ನನಗಾಗಿ ಒಂದು ಸಭೆ ಎದ್ದು ನಿಂತದ್ದು ಅದೇ ಮೊದಲು. ಶಿರಹಟ್ಟಿಯಲ್ಲಿ ಉಬ್ಬು ಬಂದಲ್ಲೆಲ್ಲ ಮನೆಮಂದಿಯನ್ನು ಇಳಿಸಿ, ಕಾರು ದಾಟಿಸಿ, ಮತ್ತೆ ಹತ್ತಿಸಿಕೊಳ್ಳಬೇಕಾಯಿತು. ಎಲ್ಲರೂ ಇಳಿದ ಮೇಲೂ ಅದು ಗೊಣಗುತ್ತಲೇ ದಾಟಿತು. ಚಹಾದಂಗಡಿಯ ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ಗಾಡಿ ಕೆಟ್ಟಿದೆಯೇ ಎಂದು ಅನುಕಂಪದಿಂದ ವಿಚಾರಿಸಿದರು. ಕೆಟ್ಟಿಲ್ಲವೆಂದು ತಿಳಿದಾಗ ಅವರ ಅನುಕಂಪ ಇನ್ನೂ ಹೆಚ್ಚಿತು.

ಇಷ್ಟಾದರೂ ನನ್ನ ಹೆಂಡತಿ ಸುಜಾತಾ ಸುಮ್ಮನಿದ್ದಳು. ಅವಳು ಬಾಯಿ ತೆರೆದದ್ದು ಡೋಣಿ ಎಂಬ ಊರಿನಲ್ಲಿ ಬಸುರಿ ತಂಗಿಯ ಕುಬುಸದ ಕಾರ್ಯ, ಅಂದರೆ ಸೀಮಂತ, ನಿಶ್ಚಯವಾದಾಗ. ಅಕ್ಕತಂಗಿಯರಿಬ್ಬರನ್ನೂ ಸಾಕಿ ಬೆಳೆಸಿದ ದೊಡ್ಡವ್ವ, ಅಂದರೆ ತಾಯಿಯ ಅಕ್ಕ, ಬೆಟಗೇರಿಯ ನಮ್ಮ ಮನೆಯಲ್ಲೇ ಇದ್ದಾರೆ. ಮೊಣಕಾಲಿನ ನೋವಿನವರು, ಮೈಯೂ ಸ್ವಲ್ಪ ಭಾರ. ಅವರಿಲ್ಲದೆ ಕುಬುಸವಿಲ್ಲ.

"ಡೋಣಿ ಮುಟ್ಟೂತನಾ ದೊಡ್ಡವ್ವನ್ನ ಒಮ್ಮೆರೆ ಕೆಳಗ ಇಳಿಸಿದ್ರ, ಮರುದಿನಾನ ಈ ಗಾಡಿ ಮಾರೂದು ನೋಡ್ರಿ," ಎಂದಳು ಸುಜಾತಾ. "ಭಾಷಣಕ್ಕ ಬಸ್ಸಿನ್ಯಾಗ ಹೋಗ್ರಿ."

ಕಾರನ್ನೇ ಮೊದಲಿನಷ್ಟು ಎತ್ತರ ಮಾಡಿಸಬಾರದೇ ಎಂದೂ ಕೇಳಿದಳು. ಅದು ವಿಷಯಾಂತರವೆಂದು ನಾನು ಸ್ಪಷ್ಟಪಡಿಸಿದೆ. ಪ್ರಶ್ನೆ ಇದ್ದದ್ದು ಗಾಲಿಯ ಬಗ್ಗೆ. ಉತ್ತರವೂ ಗಾಲಿಯಲ್ಲೇ ಸಿಗಬೇಕು. ಪ್ರಶ್ನೆಯನ್ನು ಬದಲಿಸಿ ಗೆಲ್ಲುವುದು ಗೆಲುವಲ್ಲ.

ಹೀಗೆ ಪಣತೊಟ್ಟು ಅಧ್ಯಯನಕ್ಕೆ ಕುಳಿತೆ. ಗಾಲಿಗೆ 'ಆಫ್‌ಸೆಟ್' ಎಂಬ ಒಂದು ಅಳತೆಯಿದೆ. ಕಟ್ಟೆಯ ಮೇಲೆ ಕುಳಿತವನು ಗೋಡೆಗೆ ಒರಗಿದ್ದಾನೋ, ಅಂಚಿಗೆ ಸರಿದು ಬೀದಿಗೆ ಕಾಲು ಚಾಚಿದ್ದಾನೋ ಎಂಬ ಲೆಕ್ಕವೆಂದು ತಿಳಿಯಿರಿ. ಸಂಖ್ಯೆ ಇಳಿದಷ್ಟೂ ಗಾಲಿ ಹೊರಗೆ ಚಾಚಿ ಮಡ್‌ಗಾರ್ಡಿಗೆ ಉಜ್ಜುತ್ತದೆ. ಏರಿದಷ್ಟೂ ಒಳಗೆ ಸರಿಯುತ್ತದೆ, ಅತಿಯಾದರೆ ಒಳಗಿನ ಭಾಗಗಳಿಗೆ ತಾಗುತ್ತದೆ. ಟೈರಿನದೂ ಇಂಥದೇ ಪಜೀತಿ. ಎತ್ತರದ ಟೈರು ಹಾಕಿದರೆ ಕಾರಿನ ಹೊಟ್ಟೆ ಉಬ್ಬಿನಿಂದ ಪಾರಾಗುತ್ತದೆ, ಆದರೆ ಟೈರಿನ ನೆತ್ತಿ ಮೇಲೆ ತಗಲುತ್ತದೆ. ಗಿಡ್ಡದು ಹಾಕಿದರೆ ನೆತ್ತಿ ಉಳಿಯುತ್ತದೆ, ಹೊಟ್ಟೆ ಕೆರೆದುಕೊಳ್ಳುತ್ತದೆ. ಎರಡೂ ಬದಿಗೆ ಇಷ್ಟು ಸಮಬಲದ ವಾದವಿರುವ ವಿಷಯ ನನಗೆ ಕಾಲೇಜಿನಲ್ಲಿ ಕೂಡ ಸಿಕ್ಕಿರಲಿಲ್ಲ. ಊಟದ ತಟ್ಟೆಯ ಮುಂದೆ ರೊಟ್ಟಿಯನ್ನು ನಿಲ್ಲಿಸಿ ಹಿಡಿದು ಪರವಾಗಿ ಮಾತನಾಡುತ್ತಿದ್ದೆ. ಅದನ್ನು ತಿಂದು, ಇನ್ನೊಂದನ್ನು ಹಿಡಿದು ವಿರೋಧವಾಗಿ ಮಾತನಾಡುತ್ತಿದ್ದೆ.

ಗದಗಿನ ಟೈರಿನ ಅಂಗಡಿಯ ಮಾಲಕರು ಹಿಂದಿನ ಟೈರುಗಳಿನ್ನೂ ಗಟ್ಟಿ ಇವೆ, ಮುಂದಿನೆರಡು ಬದಲಿಸಿದರೆ ಸಾಕೆಂದರು. ನಾನು ಒಪ್ಪಲಿಲ್ಲ. ನಾಲ್ಕೂ ಚಕ್ರ ದುಡಿಯುವ ಕಾರಿನಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು ಆದರೆ ಅವುಗಳ ಜಗಳವನ್ನು ಗೇರುಗಳು ಅನುಭವಿಸಬೇಕಾಗುತ್ತದೆ ಎಂದು ವಿವರಿಸಿ, ಅಲ್ಲಿಂದ ಸಹಜವಾಗಿ ಸಮಾಜದ ಕಡೆಗೆ ಹೊರಳಿದೆ.

"ಆತ್ರಿ ಸರ, ನಾಲ್ಕೂ ಒಂದ ಸೈಜ್ ಹಾಕೂಣು," ಎಂದರು ಮಾಲಕರು. "ಸಮಾನತೆ ನಮಗೂ ಬೇಕ್ರಿ. ಖರೆ, ನಿಮ್ಮ ಹಿಂದ ಟ್ರ್ಯಾಕ್ಟರ್ ನಿಂತೈತಿ."

ಕೊನೆಗೆ ಮೂವತ್ತರ ಆಫ್‌ಸೆಟ್ಟನ್ನು ನಲವತ್ತೈದಕ್ಕೆ ಏರಿಸಿದೆ. ಇನ್ನೂರ ಇಪ್ಪತ್ತೈದು ಮಿಲಿಮೀಟರಿದ್ದ ಟೈರಿನ ಅಗಲವನ್ನು ಇನ್ನೂರ ಐದಕ್ಕೆ ಇಳಿಸಿದೆ. ಗಾಲಿ ಕಟ್ಟೆಯ ಅಂಚು ಬಿಟ್ಟು ಮರ್ಯಾದೆಯಿಂದ ಒಳಗೆ ಸರಿದು ಕುಳಿತಿತು. ಆದರೂ ಪರೀಕ್ಷೆಯಿಲ್ಲದೆ ನಂಬುವವನಲ್ಲ ನಾನು. ಮನೆಯ ಅಂಗಳದಲ್ಲಿ ದೊಡ್ಡವ್ವನನ್ನು ಹಿಂದೆ ಕೂರಿಸಿದೆ, ಬುತ್ತಿ ಮತ್ತು ಸೀರೆಗಳ ಬದಲಿಗೆ ಅವರ ಪಕ್ಕ ಜೋಳದ ಚೀಲವಿಟ್ಟೆ, ಸ್ಟೀರಿಂಗ್ ತಿರುಗಿಸಲು ಸುಜಾತಾಳನ್ನು ಚಾಲಕನ ಸೀಟಿಗೆ ಕಳಿಸಿದೆ. ನಾನು ಹೊರಗೆ ಬಗ್ಗಿ, ಪ್ರತಿ ಟೈರಿನ ಮೇಲೂ ಬೆರಳು ತೂರಿಸಿ ನೋಡಿದೆ. ನಾಲ್ಕೂ ಕಡೆ ಎರಡು ಬೆರಳಿನ ಸಂದು! ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು.

ಕುಬುಸದ ದಿನ ನಾನೇ ಕಾರು ನಡೆಸಿದೆ. ಪಕ್ಕದಲ್ಲಿ ಸುಜಾತಾ, ಹಿಂದೆ ದೊಡ್ಡವ್ವ ಮತ್ತು ಬುತ್ತಿಯ ಗಂಟುಗಳು. ಊರು ದಾಟುವ ಮೊದಲೇ ಒಂದು ಉಬ್ಬು ಬಂತು, ಹಳೆಯ ಗರ್ಜನೆಯೂ ಬಂತು. ಭಾರದ ಹಂಚಿಕೆ ಸರಿಯಿಲ್ಲವೆಂದು ನಿರ್ಧರಿಸಿ, ಸೀಟಿನ ಮೇಲೆಯೇ ಎಡಕ್ಕೆ ಸರಿಯಲು ದೊಡ್ಡವ್ವನನ್ನು ಕೇಳಿಕೊಂಡೆ. ಮುಂದಿನ ಉಬ್ಬಿಗೂ ಗರ್ಜನೆ. ನಡುವಿಗೆ ಸರಿಯಲು ಕೋರಿದೆ. ಅವರು ಗಂಟುಗಳ ನಡುವೆ ತೂರಿಕೊಂಡು ಕುಳಿತರು. ಮೂರನೆಯದಕ್ಕೂ ಅದೇ.

"ಅಳಿಯಂದ್ರ," ಎಂದರು ಅವರು ಶಾಂತವಾಗಿ. "ನಾ ಎಲ್ಲೆ ಸರಿದ್ರೂ ಸಪ್ಪಳ ನಿಮ್ಮ ಕಾಲ ಬುಡಕಿಂದನ ಬರತೈತಲ್ರಿ."

ಸುಜಾತಾ ನನ್ನ ಕಡೆ ತಿರುಗಿದಳು. "ಅವತ್ತ ಅಂಗಳದಾಗ ಈ ಸೀಟಿನ್ಯಾಗ ನಾ ಕುಂತಿದ್ದೆ. ನೀವೆಲ್ಲಿದ್ರಿ?"

ಹೊರಗಿದ್ದೆ. ಮನೆಯವರೆಲ್ಲರ ಭಾರವನ್ನು, ಜೋಳದ್ದನ್ನೂ ಸೇರಿಸಿ, ಲೆಕ್ಕಕ್ಕೆ ಹಿಡಿದಿದ್ದೆ; ಪರ, ವಿರೋಧಗಳ ರೊಟ್ಟಿಗಳೆಲ್ಲ ಸೇರಿದ ದೇಹವೊಂದನ್ನು ಮಾತ್ರ ಅಂಗಳದಲ್ಲೇ ಬಿಟ್ಟಿದ್ದೆ. ಇಳಿದೆ. ಸುಜಾತಾ ಈ ಬದಿಗೆ ಬಂದು ಸ್ಟೀರಿಂಗ್ ಹಿಡಿದಳು. ನಾನು ಆ ಬದಿಗೆ ಕುಳಿತೆ. ಮುಂದಿನ ಉಬ್ಬಿನಲ್ಲಿ ಸಪ್ಪಳವೂ ಆ ಬದಿಗೆ ಬಂತು. ಇನ್ನು ವಾದಕ್ಕೆ ಜಾಗವಿರಲಿಲ್ಲ. ಅಲ್ಲಿಂದ ಡೋಣಿಯವರೆಗೆ ಉಬ್ಬು ಬಂದಲ್ಲೆಲ್ಲ ನಾನೊಬ್ಬನೇ ಇಳಿದೆ. ಕಾರು ಹೂವಿನಂತೆ ದಾಟಿ ನನಗಾಗಿ ಕಾಯಿತು. ದೊಡ್ಡವ್ವ ಒಮ್ಮೆಯೂ ಇಳಿಯಲಿಲ್ಲ. ಆದ್ದರಿಂದ ಕಾರು ಮಾರುವ ಪ್ರಶ್ನೆ ಏಳಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಡೋಣಿಯ ಓಣಿಯ ಕೊನೆಯ ಉಬ್ಬಿನಲ್ಲಿ ಬೀಗರು ನೋಡುತ್ತ ನಿಂತಿದ್ದರು. ಅಳಿಯಂದಿರು ನಡೆದು ಬರುತ್ತಿದ್ದಾರಲ್ಲ ಎಂದು ಅವರು ಕೇಳಿದ್ದಕ್ಕೆ, ದೊಡ್ಡವ್ವ ಕಿಟಕಿಯಿಂದಲೇ ಉತ್ತರಿಸಿದರು: "ಅವರು ಸುಧಾರಕರಲ್ರಿ, ತಾವ ನಡದ ತೋರಸ್ತಾರ."

ಗಾಲಿ ಸರಿಯಿದೆ, ಟೈರೂ ಸರಿಯಿದೆ, ಇನ್ನು ರಾತ್ರಿ ಎರಡು ರೊಟ್ಟಿ ಕಡಿಮೆ ಮಾಡಿದರೆ ಸಾಕು ಎಂಬುದು ಸುಜಾತಾಳ ಈಚಿನ ವಾದ. ಅದು ವಿಷಯಾಂತರವೆಂದು ನಾನು ದೃಢವಾಗಿ ಉತ್ತರಿಸಿದ್ದೇನೆ. ಸದ್ಯಕ್ಕೆ, ಉಬ್ಬು ಬಂದಾಗ ಇಳಿಯುತ್ತಿದ್ದೇನೆ.