ನಿದ್ದೆಗೆಟ್ಟ ಕೆಂಪು ಮುಳ್ಳು

ನೀರು ಸರಬರಾಜು ಕಚೇರಿಯ ಮೀಟರ್ ವಿಭಾಗದ ಗುಮಾಸ್ತರಿಗೆ ವಿಮಾನ ಹಾರಿಸುವವರ ಕೈಗಡಿಯಾರ ಯಾಕೆ ಬೇಕು ಎಂದು ಅವರ ಹೆಂಡತಿ ಕೇಳಿದ್ದು ಒಂದೇ ಸಲ. ಉತ್ತರ ಮುಗಿಯುವಷ್ಟರಲ್ಲಿ ಒಲೆಯ ಮೇಲಿದ್ದ ಹಾಲು ಉಕ್ಕಿ, ಆರಿ, ಒಣಗಿತ್ತು. ಆಮೇಲೆ ಆಕೆ ಆ ಗೋಜಿಗೆ ಹೋಗಲಿಲ್ಲ.

ನಮ್ಮ ಗುಮಾಸ್ತರು ವಿಮಾನ ಹತ್ತಿದವರಲ್ಲ. ಬಲ್ಬು ಬದಲಾಯಿಸಲು ಸ್ಟೂಲು ಹತ್ತಿದರೂ ಕೆಳಗೆ ಹೆಂಡತಿ ಕಾಲು ಹಿಡಿದು ನಿಲ್ಲಬೇಕು (ಸ್ಟೂಲಿನ ಕಾಲಲ್ಲ, ಇವರದು). ಆದರೆ ಏಳು ತಿಂಗಳ ಹಿಂದೆ ಆ ಗಡಿಯಾರ ಕೈಗೇರಿದ್ದೇ ಅವರ ನಡಿಗೆ ಬದಲಾಯಿತು. ಕಪ್ಪು ಮುಖ, ಅದರೊಳಗೆ ಮೂರು ಮರಿ ಮುಖಗಳು, ಪಕ್ಕದಲ್ಲಿ ಕೀ ಕೊಡುವ ತಿರುಪು, ತಿರುಪಿನ ಮೇಲೊಂದು ಕೆಳಗೊಂದು ಗುಂಡಿ. ಮೊದಲ ದಿನ ನಡುವಿನ ಉದ್ದನೆಯ ಕೆಂಪು ಮುಳ್ಳು ಹನ್ನೆರಡರ ಮೇಲೆ ಅಲ್ಲಾಡದೆ ನಿಂತಿತ್ತು. ಗಡಿಯಾರವೇ ಕೆಟ್ಟಿದೆ ಎಂದುಕೊಂಡರು ಗುಮಾಸ್ತರು. ಗಾಬರಿಯಲ್ಲಿ ಮೇಲಿನ ಗುಂಡಿ ಒತ್ತಿದರು, ಮುಳ್ಳು ಓಡತೊಡಗಿತು. ಅಂದಿನಿಂದ ಅದನ್ನು ನಿಲ್ಲಲು ಬಿಟ್ಟಿರಲಿಲ್ಲ. ಬೆಳಿಗ್ಗೆ ಕೀ ಕೊಟ್ಟರೆ ಸಂಜೆಗೇ ಸುಸ್ತಾಗುತ್ತಿತ್ತು, ಮತ್ತೆ ಕೊಡುತ್ತಿದ್ದರು. "ದೊಡ್ಡ ಮನೆತನ ನೋಡು, ಹಸಿವು ಜಾಸ್ತಿ" ಎನ್ನುತ್ತಿದ್ದರು.

ಆ ಮನೆತನದ ಚರಿತ್ರೆ ಗಡಿಯಾರದ ಜೊತೆ ಬಂದ ಪುಸ್ತಕದಲ್ಲಿತ್ತು. ಹೊಳೆದಂಡೆಯ ಶೆಡ್ಡಿನಲ್ಲಿ ಮೂವರು ಅಣ್ಣತಮ್ಮಂದಿರು ಅಂಗಡಿ ಹೂಡಿದ್ದು, ನಡುವಿನವನು ಮುನಿಸಿಕೊಂಡು ಹೋಗಿ ವರ್ಷದ ಮೇಲೆ ಮರಳಿದ್ದು, ಮಂಜಿನಲ್ಲಿ ಸಿಕ್ಕಿಕೊಂಡ ಪೈಲಟ್ ಇದೇ ಗಡಿಯಾರ ನೋಡಿ ಸೆಕೆಂಡು ಎಣಿಸುತ್ತ ನೆಲ ಮುಟ್ಟಿದ್ದು, ಹೀಗೆ ನಲವತ್ತು ಪುಟ. ಎಲ್ಲವೂ ಕಂಠಪಾಠವಾಗಿತ್ತು. ಕೊನೆಯ ನಾಲ್ಕು ಪುಟ ಬಳಸುವ ಕ್ರಮ. ಅದನ್ನು ಓದಲಿಲ್ಲ. ಗಡಿಯಾರ ನೋಡುವುದನ್ನು ಅವರು ಎರಡನೇ ಕ್ಲಾಸಿನಲ್ಲೇ ಕಲಿತಿದ್ದರು.

ಕಚೇರಿಯವರೆಲ್ಲ ಈ ಚರಿತ್ರೆ ಕೇಳಿ ಸೋತಿದ್ದರು. ಉಳಿದವರು ಮಾವ ಒಬ್ಬರೇ. ಮದುವೆಯಾಗಿ ಹನ್ನೊಂದು ವರ್ಷ, ಮಾವ ಅಳಿಯನೊಡನೆ ಆಡಿದ ಮಾತು ಎರಡು: ಬಂದಾಗ "ಚೆನ್ನಾಗಿದ್ದೀರಾ", ಹೊರಡುವಾಗ "ಬರ್ತೀನಿ". ಅಳಿಯ ಪರವಾಗಿಲ್ಲ ಎಂಬ ಒಂದು ಮಾತು ಆ ಬಾಯಿಂದ ಬಂದರೆ ಸಾಕಿತ್ತು. ಹೊರಗೆ ಹೇಳಿಕೊಳ್ಳಲು ನಾಚಿಕೆ, ಆದರೆ ಗುಮಾಸ್ತರಿಗೆ ಆ ಆಸೆ ಒಳಗೊಳಗೇ ಇತ್ತು.

ಮಾವ ಕಣ್ಣಿನ ಪೊರೆ ತೋರಿಸಲು ಬಂದರು. ಮಧ್ಯಾಹ್ನದ ಊಟ ಮುಗಿಯುತ್ತಲೇ ಗುಮಾಸ್ತರು ಅವರೆದುರು ಕುರ್ಚಿ ಎಳೆದುಕೊಂಡು ಶೆಡ್ಡಿನಿಂದ ಶುರುಮಾಡಿದರು. ಮಾವ "ಹೂಂ" ಎಂದರು. ಮೂರನೇ ಮಾತು ಹುಟ್ಟಿತೆಂದು ಗುಮಾಸ್ತರಿಗೆ ಹುಮ್ಮಸ್ಸು ಬಂತು.

"ರೀ, ಅಪ್ಪ ಏನ್ ಕೆಲಸದಲ್ಲಿದ್ರು ಅಂತ..." ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಬಾಯಿ ತೆರೆದಳು.

"ಇರೇ ಸ್ವಲ್ಪ. ಈಗಿನ್ನೂ ಆ ಅಣ್ಣತಮ್ಮಂದಿರ ಮೊಮ್ಮಗನ ಕಾಲಕ್ಕೆ ಬಂದಿದ್ದೀನಿ. ವರ್ಕ್‌ಶಾಪಲ್ಲಿದ್ರು, ಗೊತ್ತು."

"ಯಾವ ವರ್ಕ್‌ಶಾಪು?"

"ಯಾವುದೋ ಒಂದು. ಮಾವ, ಮಂಜಲ್ಲಿ ಪೈಲಟ್‌ಗೆ ಏನು ಕಾಣತ್ತೆ ಹೇಳಿ? ಏನೂ ಇಲ್ಲ. ಕೈಯಲ್ಲಿರೋ ಗಡಿಯಾರನೇ ದೇವರು."

ಮಾವ ಕೈ ಚಾಚಿದರು. ಗುಮಾಸ್ತರು ಬಿಚ್ಚಿ ಕೊಟ್ಟರು. ಮುದುಕರು ಅದನ್ನು ನೋಡಲಿಲ್ಲ, ಕಿವಿಗೆ ಹಿಡಿದರು. ತುಸು ಹೊತ್ತಿನ ಮೇಲೆ, "ಏದುಸಿರು ಬಿಡ್ತಿದೆ" ಎಂದು ಮೇಲಿನ ಗುಂಡಿ ಒತ್ತಿದರು. ಕೆಂಪು ಮುಳ್ಳು ನಿಂತಿತು.

"ಅಯ್ಯೋ ಮಾವ, ನಿಂತುಹೋಯ್ತು."

"ನಿಲ್ಲಬೇಕಾದ್ದೇ." ಕೆಳಗಿನ ಗುಂಡಿ ಒತ್ತಿದರು. ಮುಳ್ಳು ಟಕ್ಕನೆ ಹನ್ನೆರಡಕ್ಕೆ ಹಾರಿ ಕೂತಿತು. "ಏನಾದ್ರೂ ಅಳೀಬೇಕು ಅಂದಾಗ ಮಾತ್ರ ಇದನ್ನ ಎಬ್ಬಿಸೋದು, ಅಳಿಯಂದ್ರೇ. ನಿಮ್ಮ ದಿನದ ಸೆಕೆಂಡು ಆ ಮರಿ ಮುಖದಲ್ಲಿ ಓಡ್ತಿರತ್ತೆ, ನೋಡಿ. ಎಷ್ಟು ದಿನದಿಂದ ಓಡಿಸ್ತಿದ್ದೀರಿ?"

"ಏಳು ತಿಂಗಳು."

"ಪಾಪ" ಎಂದರು ಮಾವ. ಅದು ಗಡಿಯಾರಕ್ಕೋ ತನಗೋ ಎಂದು ಕೇಳುವ ಧೈರ್ಯ ಗುಮಾಸ್ತರಿಗೆ ಬರಲಿಲ್ಲ.

"ವಿಮಾನದ ವರ್ಕ್‌ಶಾಪು" ಎಂದಳು ಹೆಂಡತಿ ಬಾಗಿಲಿನಿಂದಲೇ. "ಪೈಲಟ್ ಮುಂದೆ ಇರೋ ಗಡಿಯಾರ ರಿಪೇರಿ. ಮೂವತ್ತೊಂದು ವರ್ಷ."

ಗುಮಾಸ್ತರ ಮುಖ ಸಣ್ಣದಾಯಿತು. ಹೊಳೆದಂಡೆಯ ಅಣ್ಣತಮ್ಮಂದಿರ ಮೊಮ್ಮಕ್ಕಳ ಹೆಸರೆಲ್ಲ ನಾಲಗೆಯ ತುದಿಯಲ್ಲಿತ್ತು. ಸ್ವಂತ ಮಾವ ಮೂವತ್ತೊಂದು ವರ್ಷ ಏನು ಮಾಡಿದರೆಂದು ಹನ್ನೊಂದು ವರ್ಷದಲ್ಲಿ ಒಂದು ದಿನವೂ ಕೇಳಿರಲಿಲ್ಲ.

"ನೀವು ಯಾಕೆ ಹೇಳಲಿಲ್ಲ, ಮಾವ?"

"ಹೇಳೋಕೇನಿದೆ. ಬಿಚ್ಚಿ, ಎಣ್ಣೆ ಹಾಕಿ, ಕೂಡಿಸೋದು." ಮಾವ ಗಡಿಯಾರದ ಗಾಜನ್ನು ಅಂಗಿಯ ತುದಿಯಲ್ಲಿ ಒರೆಸಿದರು. "ಗಡಿಯಾರ ಚೆನ್ನಾಗಿತ್ತು ಅಂತ ಯಾವ ಪೈಲಟ್ಟೂ ಬಂದು ಹೇಳ್ತಿರಲಿಲ್ಲ. ನಾನು ಸರಿಮಾಡಿದ್ದು ವಿಮಾನದಲ್ಲಿ ಮೇಲೆ ಹೋದ ದಿನ ಡ್ಯೂಟಿ ಮುಗಿದ್ರೂ ಮನೆಗೆ ಹೋಗ್ತಿರಲಿಲ್ಲ. ಚಕ್ರ ನೆಲಕ್ಕೆ ತಾಗಿದ ಸದ್ದು ಕೇಳಿದ ಮೇಲೇನೇ ಊಟದ ಡಬ್ಬಿ ಎತ್ಕೊಳ್ತಿದ್ದೆ."

"ಅಮ್ಮ ಬಾಗಿಲಲ್ಲೇ ನಿಂತಿರ್ತಿದ್ರು" ಎಂದಳು ಮಗಳು.

ಗುಮಾಸ್ತರು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. "ಮೊದಲಿಂದ ಹೇಳಿ ಮಾವ" ಎಂದರು. ಮಾವ ಹೇಳಿದರು, ನಿಧಾನವಾಗಿ, ನಡುನಡುವೆ ನಿಲ್ಲುತ್ತ. ಎಷ್ಟು ಹೊತ್ತು ಹೇಳಿದರೆಂದು ಗೊತ್ತಿಲ್ಲ. ಕೆಂಪು ಮುಳ್ಳು ಹನ್ನೆರಡರ ಮೇಲೆ ಸುಮ್ಮನಿತ್ತು, ಒತ್ತಬೇಕೆಂದು ಯಾರಿಗೂ ನೆನಪಾಗಲಿಲ್ಲ.

ನಾಲ್ಕನೇ ದಿನ ಹೆಂಡತಿ ಅಪ್ಪನನ್ನು ಬಸ್ಸಿಗೆ ಹತ್ತಿಸಿ ಬಂದಳು. ಗುಮಾಸ್ತರು ಬಾಗಿಲಲ್ಲೇ ಕಾದಿದ್ದರು.

"ಏನಾದ್ರೂ ಅಂದ್ರಾ?"

"ಅಂದ್ರು. ತುಂಬಾ ಗಟ್ಟಿ, ಏಳು ತಿಂಗಳು ಹಗಲೂ ರಾತ್ರಿ ಬಿಡುವಿಲ್ಲದೆ ಓಡಿಸಿದ್ರೂ ತಡ್ಕೊಂಡಿದೆ, ಇಂಥದ್ದು ನೋಡೇ ಇಲ್ಲ ಅಂದ್ರು."

"ಅದು ಗಡಿಯಾರದ ಮಾತಾಯ್ತಲ್ಲ. ಮನೆಯವರ ಬಗ್ಗೆ ಏನೂ ಅನ್ನಲಿಲ್ವಾ?"

"ಅಂದ್ರಪ್ಪ." ಹೆಂಡತಿ ಚಪ್ಪಲಿ ಬಿಟ್ಟು ಒಳಗೆ ನಡೆದಳು. "ಬಸ್ಸು ಹೊರಡೋವಾಗ ನನ್ನ ತಲೆ ಸವರಿ, ನಿಂದು ಹನ್ನೊಂದು ವರ್ಷ ಆಯ್ತಲ್ಲ ಮಗಳೇ ಅಂದ್ರು."