ಹನ್ನೊಂದು ಹೋಟೆಲು, ಒಂದು ಕಾಲುಳ್ಳ ಲೋಟ

೧೫ ನವೆಂಬರ್ ೧೯೮೫, ಶುಕ್ರವಾರ, ಜಿದ್ದಾ. ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ಬರೆಯಲು ಕೂತೆ.

ಮನುಷ್ಯ ಮಾಡಬಹುದಾದ ವ್ಯರ್ಥ ಕೆಲಸಗಳ ಒಂದು ಪಟ್ಟಿ ನನ್ನ ಡೈರಿಯ ಕೊನೆಯ ಪುಟದಲ್ಲಿದೆ. ಇಷ್ಟು ದಿನ ಅದರಲ್ಲಿ ಬೇರೆಯವರ ಸಾಧನೆಗಳೇ ಇದ್ದವು. ನಿನ್ನೆ ನನ್ನದೂ ಒಂದು ಸೇರಿತು: ವೈನ್ ಎಂಬ ಪದಾರ್ಥಕ್ಕೆ ಪ್ರವೇಶವೇ ಇಲ್ಲದ ದೇಶದಲ್ಲಿ ವೈನಿನ ಹೋಟೆಲು ಹುಡುಕಿದ್ದು. ನಾನು ಕುಡಿಯುವವನಲ್ಲ. ಊರಿನಲ್ಲಿ ಒಮ್ಮೆ ಹುಳಿ ಹಿಡಿದ ಕಬ್ಬಿನ ಹಾಲು ಕುಡಿದೇ ಎರಡು ದಿನ ಮಲಗಿದವನು. ನನಗೆ ಬೇಕಾಗಿದ್ದದ್ದು ವೈನಿನ ಹೋಟೆಲಿನಲ್ಲಿರುವ ಎಲ್ಲವೂ, ವೈನ್ ಒಂದನ್ನು ಬಿಟ್ಟು.

ಇದಕ್ಕೆಲ್ಲ ಮೂಲ ಒಂದು ಬಿಸ್ಕತ್ತಿನ ಡಬ್ಬ. ಎರಡು ವರ್ಷದ ಹಿಂದೆ ಮದುವೆಗೆಂದು ಕಾರ್ಕಳಕ್ಕೆ ಹೋದಾಗ ಇಲ್ಲಿಯ ಶರಫಿಯಾ ಪೇಟೆಯ ಅಂಗಡಿಯಿಂದ ಆ ತಗಡಿನ ಡಬ್ಬ ಕೊಂಡುಹೋಗಿದ್ದೆ. ಮದುವೆಯಾಗಿ ಇಪ್ಪತ್ತೊಂದನೆಯ ದಿನ ನಾನು ಇಲ್ಲಿಗೆ ಮರಳಿದೆ. ಬಿಸ್ಕತ್ತು ಅದಕ್ಕೂ ಮೊದಲೇ ಮುಗಿದಿತ್ತು. ಡಬ್ಬ ಮಾತ್ರ ಉಳಿಯಿತು, ಅದರಲ್ಲಿ ನನ್ನ ಹೆಂಡತಿ ಸುಮತಿ ಗುಂಡಿ, ದಾರ ಹಾಕಿಟ್ಟುಕೊಂಡಳು. ಮುಚ್ಚಳದ ಮೇಲೊಂದು ಚಿತ್ರ: ಬಿಳಿ ಬಟ್ಟೆ ಹಾಸಿದ ಮೇಜು, ಒಂದು ಗಂಡು, ಒಂದು ಹೆಣ್ಣು, ಇಬ್ಬರ ಎದುರಿಗೂ ಉದ್ದ ಕಾಲಿನ ಗಾಜಿನ ಲೋಟದಲ್ಲಿ ಕೆಂಪು ಪಾನೀಯ. ಮೊದಲ ವಾರ್ಷಿಕೋತ್ಸವದ ಪತ್ರದಲ್ಲಿ ಅವಳು ಬರೆದಿದ್ದಳು: "ಡಬ್ಬದ ಮುಚ್ಚಳದಲ್ಲಿ ಇದ್ದ ಹಾಗೆ ನಾವು ಒಮ್ಮೆ ಊಟಕ್ಕೆ ಕೂರಬೇಕು."

ಪತ್ರಕ್ಕೆ ಪತ್ರವನ್ನೇ ಬರೆದಿದ್ದರೆ ಏನೂ ಆಗುತ್ತಿರಲಿಲ್ಲ. ನಾನು ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಕಳಿಸಿದೆ. ಗಲ್ಫಿನಿಂದ ಬಂದ ಕ್ಯಾಸೆಟ್ಟನ್ನು ಹೆಂಡತಿ ಒಬ್ಬಳೇ ಕೇಳುವ ಪದ್ಧತಿ ನಮ್ಮ ಕಡೆ ಇಲ್ಲ. ಮಾವನವರು ಅದನ್ನು ಚಾವಡಿಯಲ್ಲಿ ಹಾಕಿ, ಪಕ್ಕದ ಮನೆಯವರನ್ನೂ ಕರೆಸಿದರು. ನನ್ನ ಸ್ವರ ಹೊರಗೆ ಬಂತು: "ಸುಮತಿ, ನೀನು ಬಂದ ಮೇಲೆ ನಾವು ವೈನಿನ ಹೋಟೆಲಿನಂಥ ಒಂದು ಹೋಟೆಲಿಗೆ ಹೋಗುವ. ಇದು ನನ್ನ ಮಾತು." ಮಾವ ನಿವೃತ್ತ ಹೆಡ್ಮಾಸ್ತರರು. 'ಅಂಥ' ಎಂಬುದು ಅವರ ಕಿವಿಗೆ ಬೀಳಲೇ ಇಲ್ಲ. ಮದ್ಯದಿಂದ ಯಕೃತ್ತಿಗೆ ಆಗುವ ಹಾನಿಯ ಬಗ್ಗೆ ಎರಡು ಪುಟದ ಪತ್ರ ಬಂತು. ಕೊನೆಯ ಸಾಲು: "ಮಗಳನ್ನು ಕಳುಹಿಸುವ ವಿಚಾರ ಯೋಚಿಸಬೇಕಾಗಿದೆ." ಅವರನ್ನು ಒಪ್ಪಿಸಲು ನನಗೆ ನಾಲ್ಕು ಪತ್ರ, ಎರಡು ಕ್ಯಾಸೆಟ್ಟು ಬೇಕಾದವು. ಕೊನೆಗೆ ಮೂರು ತಿಂಗಳ ವೀಸಾದಲ್ಲಿ ಅವಳು ಬರುವುದು ಖಚಿತವಾಯಿತು. ಎರಡನೆಯ ವಾರ್ಷಿಕೋತ್ಸವ ನವೆಂಬರ್ ಹದಿನಾಲ್ಕಕ್ಕೆ. ಒಂದೇ ಏಟಿಗೆ ಎರಡು ಕೆಲಸ ಆಗಬೇಕಿತ್ತು: ಹೆಂಡತಿಗೆ ಕೊಟ್ಟ ಮಾತು ಉಳಿಯಬೇಕು, ಮಾವನ ಅಳಿಯನೂ ಉಳಿಯಬೇಕು.

ನಾನು ಕಟ್ಟಡದ ಕಂಪನಿಯೊಂದರಲ್ಲಿ ಸ್ಟೋರ್‌ಕೀಪರ್. ಬೋಲ್ಟು, ಮೊಳೆ, ಸಿಮೆಂಟಿನ ಚೀಲ ಎಣಿಸುವುದು ಕೆಲಸ. ಎಣಿಸದೆ ಏನನ್ನಾದರೂ ನಂಬುವ ಅಭ್ಯಾಸ ತಪ್ಪಿಹೋಗಿದೆ. ಹಾಗಾಗಿ ಆಗಸ್ಟಿನಲ್ಲಿ ಡೈರಿಯಲ್ಲಿ ಗೆರೆ ಎಳೆದು ಕಾಲಂ ಮಾಡಿದೆ: ಲೋಟದ ಕಾಲು, ಮೇಜಿನ ಬಟ್ಟೆ, ಪಾನೀಯದ ಬಣ್ಣ, ಸಪ್ಲಾಯರನ ಮುಖ. ನನ್ನ ಕೋಣೆಯ ಜೊತೆಗಾರ, ಕಂಪನಿಯ ಡ್ರೈವರ್ ಹಮೀದ್, ಉಪ್ಪಿನಂಗಡಿಯವರು. ಹೆಸರಿಗೆ ಅಣ್ಣನ ಗೌರವ ಸೇರಿಸಿ ನಾವೆಲ್ಲ ಹಮೀದಾಕ ಎನ್ನುತ್ತೇವೆ. ಅವರು ಕಾಲಂಗಳನ್ನು ನೋಡಿ ತಲೆಗೆ ಕೈಯಿಟ್ಟರು.

"ಎಂತ ಮಾರಾಯ ಇದು? ಲೋಟಕ್ಕೆ ಕಾಲು ಯಾಕೆ? ಅದು ನಡ್ಕೊಂಡು ಬರ್ಲಿಕ್ಕುಂಟಾ?"

"ಚಿತ್ರದಲ್ಲಿ ಉಂಟು ಹಮೀದಾಕ."

"ಚಿತ್ರದಲ್ಲಿ ಅವಳ ಕುತ್ತಿಗೆಯಲ್ಲಿ ಮುತ್ತಿನ ಸರವೂ ಉಂಟು. ಅದಕ್ಕೆ ಕಾಲಂ ಹಾಕ್ಲಿಲ್ವಾ?"

ಗುರುವಾರಕ್ಕೊಂದರಂತೆ ಹೋಟೆಲು ನೋಡಲು ಹೊರಟೆ. ಶರಫಿಯಾದ ಏಳು ಹೋಟೆಲುಗಳಲ್ಲಿ ಸ್ಟೀಲಿನ ಲೋಟ. ಮೂರರಲ್ಲಿ ದಪ್ಪ ಗಾಜಿನದು, ನೆಲಕ್ಕೆ ಬಿದ್ದರೆ ನೆಲವೇ ಒಡೆಯುವಂಥದ್ದು. ಅವುಗಳಲ್ಲೊಂದರ ಸಪ್ಲಾಯರ್ ಕೇರಳದವನು, ಕಾಲಿರುವ ಲೋಟ ಉಂಟೇ ಎಂದು ಕೇಳಿದ್ದಕ್ಕೆ ಐಸ್‌ಕ್ರೀಮಿನ ಬಟ್ಟಲಿನಲ್ಲಿ ಚಹಾ ತಂದುಕೊಟ್ಟ. ಅವನ ಒಳ್ಳೆಯ ಮನಸ್ಸಿಗೆ ನಾನು ಹತ್ತಕ್ಕೆ ಒಂಬತ್ತು ಅಂಕ ಕೊಟ್ಟಿದ್ದೇನೆ. ಚಹಾಕ್ಕೆ ಎರಡು.

ಹನ್ನೊಂದನೆಯದು ಸಮುದ್ರದ ಕಡೆಗಿನ ಒಂದು ಲೆಬನಾನಿ ಹೋಟೆಲು. ಅಲ್ಲಿಯ ಪಟ್ಟಿಯಲ್ಲಿ ಊಟಕ್ಕಿಂತ ಮೊದಲೇ ಎರಡು ಪುಟ ಪಾನೀಯ: ದ್ರಾಕ್ಷಿ, ದಾಳಿಂಬೆ, ಹಿಪ್ಪುನೇರಳೆ, ಸೇಬಿನ ರಸಕ್ಕೆ ಸೋಡಾ ಪುದೀನ ಬೆರೆಸಿದ್ದು. ಮೇಜಿಗೆ ಬಿಳಿ ಬಟ್ಟೆ. ಲೋಟಕ್ಕೆ ಕಾಲು, ನನ್ನ ಲೆಕ್ಕದಲ್ಲಿ ನಾಲ್ಕು ಬೆರಳು ಉದ್ದ! ಕಪ್ಪು ಕೋಟಿನ ಸಪ್ಲಾಯರ್ ಕೆಂಪು ದ್ರಾಕ್ಷಿ ರಸದ ಬಾಟಲಿಯನ್ನು ಮಗುವನ್ನು ತೋರಿಸುವಂತೆ ತೋರಿಸಿ, ಲೋಟದ ತಳಕ್ಕೆ ಎರಡು ಚಮಚದಷ್ಟು ಸುರಿದು ಕೈಕಟ್ಟಿ ನಿಂತ. ಇಷ್ಟು ದೊಡ್ಡ ಹೋಟೆಲಿನಲ್ಲಿ ಇಷ್ಟೇ ಕೊಡುವುದಿರಬೇಕೆಂದು ನಾನು ಗಟಗಟ ಕುಡಿದು, "ಶುಕ್ರನ್" ಎಂದು ಧನ್ಯವಾದ ಹೇಳಿ ಎದ್ದು ನಿಂತೆ. ಅವನು ಗಾಬರಿಯಾಗಿ ನನ್ನನ್ನು ಕೂರಿಸಿದ. ಅದು ರುಚಿ ನೋಡಿ ಒಪ್ಪಿಗೆ ಹೇಳಲು ಅಂತೆ, ಒಪ್ಪಿದ ಮೇಲೆ ಲೋಟ ತುಂಬಿಸುವುದಂತೆ. ಮೊಳೆಯ ಪೆಟ್ಟಿಗೆ ಒಡೆದು ಒಂದು ಮೊಳೆ ಪರೀಕ್ಷಿಸಿ ಸಹಿ ಹಾಕುವವನಿಗೆ ಇದು ಹೊಳೆಯಬೇಕಿತ್ತು. ಡೈರಿಯಲ್ಲಿ "ಪ್ರಮಾಣ ಬಹಳ ಕಡಿಮೆ" ಎಂದು ಬರೆದದ್ದನ್ನು ಹೊಡೆದುಹಾಕಿದೆ. ಎಲ್ಲ ಕಾಲಂಗಳಲ್ಲೂ ಪೂರ್ಣ ಅಂಕ. ಹುಡುಕಾಟ ಮುಗಿಯಿತು.

ಸುಮತಿ ಬಂದದ್ದು ನವೆಂಬರ್ ಎರಡಕ್ಕೆ. ಹಮೀದಾಕ ನಮಗಾಗಿ ಕೋಣೆ ಬಿಟ್ಟು, ಪಕ್ಕದಲ್ಲಿ ಮೂವರು ಇರುವ ಕೋಣೆಗೆ ನಾಲ್ಕನೆಯವರಾಗಿ ಹೋದರು. ಹೋಗುವಾಗ ತಮ್ಮ ಹೊಸ ಹೊದಿಕೆಯನ್ನೂ ಬಿಟ್ಟುಹೋದರು. ನಿನ್ನೆ ಸಂಜೆ ಕಂಪನಿಯ ಗಾಡಿಯಲ್ಲಿ ನಮ್ಮನ್ನು ಬಿಟ್ಟವರೂ ಅವರೇ. ಇಳಿಯುವಾಗ ಕಿಟಕಿಯಿಂದ ಹೇಳಿದರು: "ಲೋಟದ ಕಾಲು ಹಿಡಿ, ತಂಗಿಯ ಕಾಲು ಹಿಡಿಯುವ ಹಾಗೆ ಮಾಡ್ಬೇಡ."

ಆರೂವರೆಗೆ ಮುಂಬಾಗಿಲಿಗೆ ಹೋದೆವು. ಕಾವಲಿನವನು ನನ್ನನ್ನು ನೋಡಿ ನಕ್ಕ, ಹಿಂದಿದ್ದ ಸುಮತಿಯನ್ನು ನೋಡಿ ಕೈ ಅಡ್ಡ ಹಿಡಿದ. ಇಲ್ಲಿ ಒಂಟಿ ಗಂಡಸರಿಗೆ ಒಂದು ಬಾಗಿಲು, ಸಂಸಾರಸ್ಥರಿಗೆ ಬೇರೆಯೇ ಬಾಗಿಲು. ಇಷ್ಟು ವರ್ಷ ಈ ಊರಿನಲ್ಲಿದ್ದು ನನಗಿದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಹನ್ನೊಂದು ಹೋಟೆಲುಗಳಿಗೂ ನಾನು ಹೋದದ್ದು ಒಂಟಿ ಬಾಗಿಲಿನಿಂದ. ಫ್ಯಾಮಿಲಿ ಸೆಕ್ಷನ್ನಿನ ಒಳಗೆ ಹೇಗಿದೆ ಎಂದು ನೋಡಲು ಫ್ಯಾಮಿಲಿಯೇ ಬೇಕು. ನನ್ನ ಸರ್ವೆಯೆಲ್ಲ ಪಕ್ಕದ ಮನೆಯದ್ದಾಗಿತ್ತು.

ಹಿಂದಿನ ಓಣಿ, ಕಿರಿದಾದ ಮೆಟ್ಟಿಲು, ಮೇಲೆ ಪರದೆ ಹಾಕಿದ ಮರದ ಗೂಡುಗಳು. ಬಿಳಿ ಬಟ್ಟೆಯ ಜಾಗದಲ್ಲಿ ಹೂವಿನ ಪ್ಲಾಸ್ಟಿಕ್ಕು. ಬೇರೊಬ್ಬ ಸಪ್ಲಾಯರ್ ಬಂದು ದ್ರಾಕ್ಷಿ ರಸ ತಂದಿಟ್ಟ. ಎರಡು ಪ್ಲಾಸ್ಟಿಕ್ ಲೋಟ, ಎರಡರ ಮೇಲೂ ಹಳದಿ ಬಾತುಕೋಳಿಯ ಚಿತ್ರ.

"ಗಾಜಿನದು?" ಎಂದು ನನ್ನ ಹರುಕು ಹಿಂದಿಯಲ್ಲಿ ಕೇಳಿದೆ.

"ಗಾಜು ಕೆಳಗೆ ಮಾತ್ರ. ಇಲ್ಲಿ ಮಕ್ಕಳು ಒಡೆಯುತ್ತಾರೆ."

"ನಮಗೆ ಮಕ್ಕಳಿಲ್ಲ."

ಅವನ ಮುಖ ಮೆತ್ತಗಾಯಿತು. ಎರಡೂ ಕೈ ಮೇಲೆತ್ತಿ, "ಇನ್ಶಾ ಅಲ್ಲಾಹ್, ಬೇಗ ಆಗಲಿ" ಎಂದ. ಸುಮತಿ ಪರದೆಯ ಕಡೆ ತಿರುಗಿ ಭುಜ ಕುಲುಕಿಸಿ ನಗತೊಡಗಿದಳು. ನಾನು ಕೆಳಗಿನ ಯಜಮಾನನನ್ನು ಕೇಳಲು ಹೋದೆ, ಬಂದೆ, ಮತ್ತೆ ಹೋದೆ. ಅಷ್ಟರಲ್ಲಿ ಇಶಾ ನಮಾಜಿನ ಕರೆ ಕೇಳಿಸಿತು. ಶಟರ್ ಇಳಿಯಿತು, ಅರ್ಧ ದೀಪ ಆರಿತು, ಕೆಲಸದವರೆಲ್ಲ ನಮಾಜಿಗೆ ಹೋದರು. ಇನ್ನು ಅರ್ಧ ಗಂಟೆ ಊಟವಿಲ್ಲ, ಲೋಟವಿಲ್ಲ, ಹೊರಗೆ ಹೋಗುವ ದಾರಿಯೂ ಇಲ್ಲ. ಬಾತುಕೋಳಿಗಳೆರಡು ನಮ್ಮನ್ನು ನೋಡುತ್ತಿದ್ದವು.

ಬೇರೆ ದಾರಿ ಕಾಣದೆ ಡೈರಿ ತೆಗೆದು ತಪ್ಪೊಪ್ಪಿಕೊಂಡೆ. ದಿನಾಂಕ, ಹೋಟೆಲು, ಕಾಲು, ಬಟ್ಟೆ, ಬಣ್ಣ, ಮುಖ. ಅವಳು ಬೆರಳಿಟ್ಟು ಸಾಲು ಸಾಲಾಗಿ ಓದಿದಳು. ಐಸ್‌ಕ್ರೀಮಿನ ಬಟ್ಟಲಿನ ಚಹಾದ ಹತ್ತಿರ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ನಗು ನಿಂತಿತು.

"ಹನ್ನೊಂದು ಸಲ ಒಬ್ಬರೇ ಹೋಗಿ ಕೂತದ್ದಾ?"

"ಹೌದು."

"ನಾನು ಮುಚ್ಚಳದಲ್ಲಿ ನೋಡಿದ್ದು ಲೋಟವನ್ನಲ್ಲ," ಎಂದಳು. "ಅವರಿಬ್ಬರೂ ಒಟ್ಟಿಗೆ ಕೂತಿದ್ದಾರಲ್ಲ, ಅದನ್ನು. ಮದುವೆಯಾದ ಮೇಲೆ ಇಪ್ಪತ್ತೊಂದು ದಿನ ನಿಮ್ಮ ಮನೆಯಲ್ಲಿದ್ದೆ. ಗಂಡಸರು ಎದ್ದ ಮೇಲೆ ನಮ್ಮ ಪಂಕ್ತಿ. ನೀವು ಉಣ್ಣುವಾಗ ನಿಮ್ಮ ಮುಖ ಹೇಗಿರುತ್ತದೆ ಅಂತ ನನಗೆ ಈಗಲೂ ಗೊತ್ತಿಲ್ಲ."

ಲೆಕ್ಕದ ಮನುಷ್ಯ ನಾನು, ಮನಸ್ಸಿನಲ್ಲೇ ದಿನ ಎಣಿಸಿದೆ. ಈ ಹದಿಮೂರು ದಿನವೂ ಅವಳು ಅಡುಗೆ ಒಲೆಯ ಹತ್ತಿರವೇ ನಿಂತು ಬಡಿಸಿದ್ದಳು, ನಾನು ಡೈರಿ ನೋಡುತ್ತಾ ಉಂಡಿದ್ದೆ. ಕುರ್ಚಿ ಎಷ್ಟು ಎಂಬ ಕಾಲಂ ನನ್ನಲ್ಲಿ ಇರಲೇ ಇಲ್ಲ. ಒಂಟಿ ಬಾಗಿಲಿನಿಂದ ಹೋದವನಿಗೆ ಅದು ಎಲ್ಲಿ ಹೊಳೆಯಬೇಕು? ಶಟರ್ ಮೇಲೇರಿತು. ರೊಟ್ಟಿ, ಕೋಳಿ, ಬೇಳೆಯ ಸಾರು ಬಂದವು. ನಾವು ಒಟ್ಟಿಗೆ ಉಂಡೆವು. ಅವಳು ನನ್ನನ್ನು ನೋಡುತ್ತಲೇ ಉಂಡಳು. ನಾನು ಮೂರು ಸಲ ಮೀಸೆ ಒರೆಸಿಕೊಂಡೆ. ಕೇರಳದ ಸಪ್ಲಾಯರನಿಗೂ, ಕೋಣೆ ಬಿಟ್ಟ ಹಮೀದಾಕನಿಗೂ, ಮಗಳನ್ನು ಕಳುಹಿಸಿದ ಮಾವನಿಗೂ, ನಮ್ಮಿಬ್ಬರನ್ನು ಅರ್ಧ ಗಂಟೆ ಕೂಡಿಹಾಕಿದ ಆ ಶಟರಿಗೂ ಮನಸ್ಸಿನಲ್ಲೇ ಕೈಮುಗಿದೆ.

ಈಗ ಅವಳು ಇದೇ ಮೇಜಿನ ಆಚೆ ಕೂತು ಅಪ್ಪನಿಗೆ ಪತ್ರ ಬರೆಯುತ್ತಿದ್ದಾಳೆ. ಮಧ್ಯದಲ್ಲಿ ಉಪ್ಪಿಟ್ಟಿನ ಎರಡು ತಟ್ಟೆ. ಇಣುಕಿ ನೋಡಿದೆ: "ನಿಮ್ಮ ಅಳಿಯ ಬಾತುಕೋಳಿಯ ಲೋಟದಲ್ಲಿ ಕುಡಿಯುತ್ತಾರೆ, ಚಿಂತೆ ಬೇಡ." ನನ್ನ ಡೈರಿಯಲ್ಲೂ ರಾತ್ರಿಯೇ ಕೈಯಾಡಿಸಿದ್ದಾಳೆ. ಹನ್ನೊಂದನೆಯ ಸಾಲಿನ ಕೊನೆಗೆ ಹೊಸದೊಂದು ಕಾಲಂ ಎಳೆದು, "ಉಣ್ಣುವಾಗ ಮುಖ" ಎಂದು ಬರೆದು, ಹತ್ತಕ್ಕೆ ನಾಲ್ಕು ಕೊಟ್ಟಿದ್ದಾಳೆ. ಐಸ್‌ಕ್ರೀಮಿನ ಬಟ್ಟಲಿನ ಚಹಾಕ್ಕಿಂತ ಎರಡು ಹೆಚ್ಚು.

ಹನ್ನೆರಡನೆಯ ಸಾಲು ಖಾಲಿ ಬಿಟ್ಟಿದ್ದೇನೆ. ಜಿದ್ದಾದಲ್ಲಿ ಸಂಸಾರಸ್ಥರ ಬಾಗಿಲಿನೊಳಗೂ ಕಾಲುಳ್ಳ ಲೋಟ ಇಡುವ ಹೋಟೆಲು ಯಾರಿಗಾದರೂ ತಿಳಿದಿದ್ದರೆ ಅವಳು ಹೊರಡುವ ಮೊದಲು ನನಗೊಂದು ಪತ್ರ ಬರೆಯಿರಿ. ಜೊತೆಗೆ, ಚೆಂದವಾಗಿ ಉಣ್ಣುವುದು ಹೇಗೆಂದು ಬಲ್ಲ ಗಂಡಸರಿದ್ದರೆ ಅವರೂ ಬರೆಯಬಹುದು.