ನನ್ನ ಅಕ್ಕಲಕೋಟೆ ಭಕ್ತಿ

ನಮ್ಮ ಸೊಲ್ಲಾಪುರದ ಪೇಟೆಯಲ್ಲಿ ಮುಚ್ಚಿಡುವ ರೋಗವೆಂಬುದಿಲ್ಲ. ಚಹಾ ಕುಡಿಯುತ್ತಾ ತಮ್ಮ ಮೂಲವ್ಯಾಧಿಯನ್ನು ಆದ್ಯಂತ ವರ್ಣಿಸಿ, ಎದುರಿನವನು ಬಿಸ್ಕಿಟನ್ನು ಬಸಿಯಲ್ಲೇ ಬಿಡುವಂತೆ ಮಾಡಿದ ಮಹನೀಯರನ್ನು ನಾನು ಬಲ್ಲೆ. ಆದರೆ ಐವತ್ತೊಂದನೆಯ ವರ್ಷಕ್ಕೆ ನನಗೆ ಬಂದ ತೊಂದರೆಯನ್ನು ಮಾತ್ರ ಯಾರಲ್ಲೂ ಆಡುವಂತಿರಲಿಲ್ಲ. ಹಾಸಿಗೆಯಲ್ಲಿ ಗಂಡನಾಗಿ ನಡೆದುಕೊಳ್ಳಲು ಮನಸ್ಸು ಸಿದ್ಧವಿದ್ದರೂ ಮೈ ಒಪ್ಪುತ್ತಿರಲಿಲ್ಲ. ಒಂದು ಸಲವಾದರೆ ದಣಿವು ಅನ್ನಬಹುದು, ಎರಡು ಸಲವಾದರೆ ಬೇಸಿಗೆ ಅನ್ನಬಹುದು. ತಿಂಗಳುಗಟ್ಟಲೆ ಆದರೆ ಏನನ್ನುವುದು? ನಾನು ಬೆನ್ನುನೋವು ಎಂದೆ. ನೆಲ ಒಳ್ಳೆಯದಂತೆ ಎಂದು ಹೇಳಿ ಚಾಪೆ ಹಿಡಿದು ಹಾಲ್‌ಗೆ ಬಂದು ಮಲಗತೊಡಗಿದೆ.

ಊರಿನಲ್ಲಿ ಡಾಕ್ಟರರಿಗೇನು ಬರವಿಲ್ಲ. ಆದರೆ ನಮ್ಮ ವ್ಯಾಪಾರಸ್ಥರ ಮನೆಗಳಲ್ಲಿ ಔಷಧವನ್ನು ಸಂಬಂಧಿಕರ ಅಂಗಡಿಯಲ್ಲೇ ಕೊಳ್ಳಬೇಕೆಂಬುದು ಮದುವೆಯ ಕರಾರಿನಷ್ಟೇ ಗಟ್ಟಿ. ನನ್ನ ಹೆಂಡತಿ ಸುರೇಖಾಳ ತಮ್ಮನದೇ ಮೆಡಿಕಲ್ ಅಂಗಡಿ. ನಾನು ಕೆಮ್ಮಿನ ಔಷಧ ಕೊಂಡು ಮನೆ ಮುಟ್ಟುವುದರೊಳಗೆ ಅವಳು ಕಷಾಯ ಕಾಯಿಸಿ ಕೂತಿರುತ್ತಾಳೆ. ಹೀಗಾಗಿ ಮೊದಲು ಗೋಡೆ ಬರಹಗಳ ಮೊರೆಹೊಕ್ಕೆ. ‘ಗುಪ್ತರೋಗ’ ಎಂದು ಆಳೆತ್ತರದ ಅಕ್ಷರದಲ್ಲಿ ಬರೆಸುವವರ ಗುಟ್ಟಿನ ಕಲ್ಪನೆ ಎಂಥದೋ ನನಗೆ ತಿಳಿಯದು. ಅಂಥ ಒಬ್ಬ ಡೇರೆಯ ವೈದ್ಯ ಕೊಟ್ಟ ಪುಡಿಯನ್ನು ಹದಿನೈದು ದಿನ ಹಾಲಿನಲ್ಲಿ ಕುಡಿದೆ. ಎದೆಯುರಿ ಬಂತು, ಬೇರೇನೂ ಬರಲಿಲ್ಲ.

ಕೊನೆಗೆ ಅಕ್ಕಲಕೋಟೆಯಲ್ಲಿ ಇದನ್ನೇ ನೋಡುವ ಡಾಕ್ಟರರು ವಾರಕ್ಕೊಮ್ಮೆ ಬರುತ್ತಾರೆಂದು ತಿಳಿಯಿತು. ಅದೂ ಗುರುವಾರ. ಗುರುವಾರ ಸೊಲ್ಲಾಪುರದವನು ಅಕ್ಕಲಕೋಟೆಗೆ ಹೊರಟರೆ ಯಾಕೆಂದು ಕೇಳುವವರಿಲ್ಲ, ಅಲ್ಲಿಯ ಗುಡಿಯ ಸಂತ ಮಹಾರಾಜರ ದರ್ಶನಕ್ಕೆ ಎಂದು ಎಲ್ಲರಿಗೂ ಗೊತ್ತು. ಇದಕ್ಕಿಂತ ಒಳ್ಳೆಯ ಮರೆ ಸಿಗದೆಂದು ನನ್ನ ಬುದ್ಧಿಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ. ದರ್ಶನಕ್ಕೆ ಹೋಗುವವನ ಕೈಯಲ್ಲಿ ಓಣಿಯವರೆಲ್ಲ ತೆಂಗಿನಕಾಯಿ ಕೊಟ್ಟು ಕಳಿಸುತ್ತಾರೆಂಬುದು ಮಾತ್ರ ಆಗ ನೆನಪಾಗಲಿಲ್ಲ. ಬಾಗಿಲು ದಾಟುತ್ತಲೇ ಪಕ್ಕದ ಮನೆಯ ಮಾಲನ್ ಕಾಕು, “ತಮ್ಮಾ, ನನ್ನ ಮೊಣಕಾಲ ಸಲುವಾಗಿ ಇದೊಂದ ಕಾಯಿ ಒಡಸಪಾ” ಎಂದರು. ಓಣಿ ದಾಟುವಷ್ಟರಲ್ಲಿ ಚೀಲದಲ್ಲಿ ಏಳು ಕಾಯಿಗಳಾದವು.

ಚೀಲ ಹೊತ್ತು ದವಾಖಾನೆ ಹೊಕ್ಕರೆ ಬೆಂಚಿನ ಮೇಲೆ ನಮ್ಮದೇ ಪೇಟೆಯ ಚಾದರ ವ್ಯಾಪಾರಿಯೊಬ್ಬರು ಕೂತಿದ್ದರು. ಅವರ ಕಾಲ ಬಳಿಯೂ ಕಾಯಿ ತುಂಬಿದ ಚೀಲ. ಇಬ್ಬರೂ ಛಾವಣಿ ನೋಡಿದೆವು. ಎಷ್ಟು ಹೊತ್ತು ನೋಡುವುದು?

“ದರ್ಶನಕ್ಕ ಬಂದಿದ್ರೇನ್ರಿ?” ಎಂದರು ಅವರು.

“ಹೂಂನ್ರಿ, ದರ್ಶನಕ್ಕ” ಎಂದೆ.

ಡಾಕ್ಟರರು ರಕ್ತ ತೆಗೆಸಿ, ಬೀಪಿ ನೋಡಿ, ನನ್ನ ತಂಬಾಕಿನ ಡಬ್ಬಿಯನ್ನು ಮೇಜಿನ ಮೇಲೆ ಇಡಿಸಿದರು. “ಇದು ಗಂಡಸ್ತನದ ಮಾತಲ್ರಿ ಮಾಲಕ್ರ, ರಕ್ತನಾಳದ ಮಾತು. ಸಕ್ಕರಿ ಕಾಯಿಲೆ ನಿಮಗ ಯಾವಾಗೋ ಬಂದದ, ಗೊತ್ತಿಲ್ಲ ಅಷ್ಟ. ಸಣ್ಣ ನಾಳ ಮೊದಲ ಸ್ಟ್ರೈಕ್ ಮಾಡತಾವ, ಸುಮ್ಮನ ಬಿಟ್ರ ನಾಳೆ ಹಾರ್ಟೂ ಮಾಡೀತು. ಹಾರ್ಟಿನ ಗುಳಗಿ ಏನರ ತಗೋತೀರೇನು? ಅದರ ಜೋಡಿ ಈ ಗುಳಗಿ ನಡಿಯೂದಿಲ್ಲ” ಎಂದು ವಿಚಾರಿಸಿದ ಮೇಲೆಯೇ ಚೀಟಿ ಬರೆದರು. ತಂಬಾಕು ಬಿಡಿ, ನಡೆಯಿರಿ ಎಂದರು. ಕಡೆಗೆ, “ಮನಿಯಾಗ ಹೇಳ್ರಿ. ಅರ್ಧಾ ಔಷಧ ಅದರಾಗ ಅದ” ಎಂದರು. ಅವರ ಎಲ್ಲ ಮಾತನ್ನೂ ಒಪ್ಪಿಕೊಂಡು ಕೊನೆಯದೊಂದನ್ನು ಬಿಟ್ಟೆ.

ಬಿಟ್ಟದ್ದರ ಫಲ ಕೇಳಿ. ಗುಳಿಗೆಗಳನ್ನು ನನ್ನ ಟವೆಲ್ ಅಂಗಡಿಯ ಒಂದು ಗಂಟಿನಲ್ಲಿ ಬಚ್ಚಿಟ್ಟೆ. ಗಂಟಿನಲ್ಲಿರುವ ಗುಳಿಗೆ ತಾನಾಗಿ ಏನು ಮಾಡೀತು? ಇತ್ತ ಗಂಡ ಗುರುವಾರ ತಪ್ಪಿಸುವುದಿಲ್ಲ, ಚಾಪೆ ಬಿಡುವುದಿಲ್ಲ. ಸುರೇಖಾ ಮಾಲನ್ ಕಾಕುವಿನ ಮುಂದೆ, “ಇವರಿಗೆ ವೈರಾಗ್ಯ ಬಂದದ್ರಿ” ಎಂದಳಂತೆ. ಕಾಕು ಓಣಿಗೆಲ್ಲ ಹೇಳಿದರು. ಕಾಯಿಗಳು ಏಳರಿಂದ ಹದಿನಾರಕ್ಕೇರಿದವು. ಕೆಲವರು ಕಾಲಿಗೂ ಬಿದ್ದರು. ಇನ್ನೊಬ್ಬರ ಹರಕೆಗೆ ಮೋಸ ಮಾಡುವ ಧೈರ್ಯ ನನಗಿಲ್ಲ, ಹಾಗಾಗಿ ದವಾಖಾನೆಯಲ್ಲಿ ವಾರದ ಸಕ್ಕರೆ, ಬೀಪಿ ನೋಡಿಸಿ ತಾಸುಗಟ್ಟಲೆ ಸರತಿಯಲ್ಲಿ ನಿಂತು ಎಲ್ಲರ ಮೊಣಕಾಲು, ಮಗಳ ಲಗ್ನ, ವರ್ಗಾವಣೆಗಳನ್ನು ಒಂದೊಂದಾಗಿ ಮಹಾರಾಜರಿಗೆ ಒಪ್ಪಿಸುತ್ತಿದ್ದೆ. ನನ್ನದನ್ನು ಮಾತ್ರ ಹೇಳುತ್ತಿರಲಿಲ್ಲ. ಹಿಂದೆ ಪೇಟೆಯವರು ನಿಂತಿರುತ್ತಿದ್ದರು.

ಐದನೆಯ ಗುರುವಾರ ಸುರೇಖಾ ಜರಿಯ ಸೀರೆಯುಟ್ಟು ಬಾಗಿಲಲ್ಲಿ ನಿಂತಳು. “ಈ ಸಲ ನಾನೂ ಬರತೀನಿ.” ಬೇಡವೆನ್ನಲು ಭಕ್ತನಿಗೆ ಯಾವ ಕಾರಣವಿರುತ್ತದೆ? ಅಕ್ಕಲಕೋಟೆಯಲ್ಲಿ ಬಸ್ಸಿಳಿದು ನೆಟ್ಟಗೆ ದೇವರ ದಾರಿ ಹಿಡಿದೆ. ದವಾಖಾನೆ ಆ ದಾರಿಯಲ್ಲೇ ಇತ್ತು. ಕಂಪೌಂಡರ್ ಹೊರಗೆ ನಿಂತು, “ಬರ್ರಿ ಮಾಲಕ್ರ, ನಿಮ್ಮ ನಂಬರ್ ಮೂರು” ಎಂದ. ಸುರೇಖಾ ಅವನನ್ನು ನೋಡಿದಳು, ಬೋರ್ಡು ಓದಿದಳು, ನನ್ನನ್ನು ನೋಡಿದಳು. ಎದುರಿನ ಕಬ್ಬಿನ ಹಾಲಿನ ಅಂಗಡಿಯ ಬೆಂಚಿನ ಮೇಲೆ ಕೂತು ಎಲ್ಲ ಹೇಳಿದೆ.

ಅವಳು ಕಬ್ಬಿನ ಹಾಲಿನ ಗ್ಲಾಸನ್ನು ಬದಿಗೆ ಸರಿಸಿದಳು. ಆಮೇಲೆ, “ಎಂಟ ತಿಂಗಳಾತ್ರಿ. ನಾ ಮುದುಕಿ ಆದ್ನಿ, ಇವರಿಗೆ ಬ್ಯಾಡಾದ್ನಿ ಅಂತ ತಿಳಕೊಂಡಿದ್ನಿ” ಎಂದಳು.

ನನಗೆ ನಾಚಿಕೆಯಾಯಿತು. ದವಾಖಾನೆಯ ನಾಚಿಕೆಯಲ್ಲ, ಬೇರೆಯದು. ನನ್ನ ಮಾನ ಕಾಯುವ ಗದ್ದಲದಲ್ಲಿ ಅವಳು ಕನ್ನಡಿಯ ಮುಂದೆ ನಿಂತು ಏನೇನು ಲೆಕ್ಕ ಹಾಕಿದಳೋ, ಒಂದು ದಿನವೂ ಕೇಳಿರಲಿಲ್ಲ. ತಪ್ಪಾಯಿತೆಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, “ನಡೀರಿ, ಮೂರನೇ ನಂಬರ್ ಹೋದೀತು” ಎಂದೆದ್ದಳು. ಒಳಗೆ ಹೋಗಿ ನನ್ನ ಶೇಂಗಾ ಹೋಳಿಗೆ, ಬಿಟ್ಟೆನೆಂದು ಹೇಳಿ ಕದ್ದು ತಿನ್ನುವ ತಂಬಾಕು, ಅಂಗಡಿಗೆ ನಾಲ್ಕು ಹೆಜ್ಜೆಗೂ ಸ್ಕೂಟರ್ ಹತ್ತುವ ಚಟ, ಎಲ್ಲವನ್ನೂ ಹೇಳಿಬಿಟ್ಟಳು. “ಇದ್ಯಾವುದನ್ನೂ ನೀವು ಹೇಳೇ ಇಲ್ಲಲ್ರಿ” ಎಂದು ಡಾಕ್ಟರರು ನನ್ನನ್ನೇ ಗದರಿದರು.

ಮೂರು ತಿಂಗಳಾಗಿವೆ. ಸಕ್ಕರೆ ಇಳಿದಿದೆ, ತಂಬಾಕು ಬಿಟ್ಟಿದೆ, ಚಾಪೆ ಅಟ್ಟ ಸೇರಿದೆ. ಇದಕ್ಕಿಂತ ಹೆಚ್ಚು ಬರೆದರೆ ಸುರೇಖಾ ಸುಮ್ಮನಿರುವುದಿಲ್ಲ. ಕಳೆದ ವಾರ ಅವಳು ಇಪ್ಪತ್ತೊಂದು ಕಾಯಿ ತಂದಿಟ್ಟು, “ಹರಕಿ ಮುಟ್ಟಸಬೇಕ್ರಿ” ಎಂದಳು. ಯಾವ ಹರಕೆ? “ಮಹಾರಾಜ್ರ, ನನ್ನ ಗಂಡನ ಭಕ್ತಿ ಸ್ವಲ್ಪ ಕಡಿಮಿ ಮಾಡ್ರಿ ಅಂತ ಬೇಡಕೊಂಡಿದ್ನಿ.”

ಹಾಗಾಗಿ ಗುರುವಾರ ಮತ್ತೆ ಚೀಲ ಹೊತ್ತು ಬಸ್ಸು ಹತ್ತಿದೆ. ದವಾಖಾನೆಯ ಬೆಂಚಿನ ಅದೇ ಚಾದರ ವ್ಯಾಪಾರಿ ಪಕ್ಕದಲ್ಲೇ ಕೂತಿದ್ದರು. ನನ್ನ ಇಪ್ಪತ್ತೊಂದು ಕಾಯಿಗಳನ್ನು ಕಂಡು ಅವರ ಮುಖದಲ್ಲಿ ಕರುಣೆ ಮೂಡಿತು.

“ದರ್ಶನಕ್ಕೇನ್ರಿ?”

“ಹೂಂನ್ರಿ. ಈ ಸಲ ಖರೇನ ದರ್ಶನಕ್ಕ.”

ಅವರು ನನ್ನ ತೊಡೆ ತಟ್ಟಿ, “ಆತ್ ಬಿಡ್ರಿ” ಎಂದರು ಮೆಲ್ಲಗೆ. “ನಾನೂ ಮನಿಯಾಗ ಹಂಗ ಹೇಳಿ ಬಂದೀನಿ.”